ಗವೀಪುರದ ಬಿಸಿಲೂ ವಿಜ್ಞಾನದ ಕ್ರಮವೂ

ಮಕರ ಸಂಕ್ರಮಣದ ದಿನ ಸಾಯಂಕಾಲ ಬೆಂಗಳೂರಿನ ಗವೀಪುರದಲ್ಲಿ ಸೇರುವ ಜನಸಂದಣಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಶ್ರೀ ಗವಿಗಂಗಾಧರೇಶ್ವರಸ್ವಾಮಿಯ ಗುಹಾಲಯದಲ್ಲಿ ಅಂದು ಐದು ಗಂಟೆ ದಾಟಿದ ಮೇಲೆ, ಪಡುವಣಕ್ಕೆ ಇಳಿಯುತ್ತಿರುವ ಸೂರ್ಯನ ಕಿರಣಗಳು ಕಿಟಕಿಯ ಮೂಲಕ ಒಳಹೊಕ್ಕು, ನಂದಿಯ ಎರಡು ಕೊಂಬುಗಳ ನಡುವಿನಿಂದ ಹಾಯ್ದು, ಲಿಂಗದ ಮೇಲೆ ಬೀಳುತ್ತವೆ. ಅಲ್ಪಕಾಲದ ಈ ದರ್ಶನಕ್ಕಾಗಿ ಬಸವನಗುಡಿ, ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಂದ ಬಂದ ಜನರು ಗಂಟೆಗಟ್ಟಲೆ ಸಾಲುಗಟ್ಟಿ ನಿಲ್ಲುವರು. ಬರಲಾರದವರು ಮನೆಯಲ್ಲಿ ಕುಳಿತು ದೂರದರ್ಶನದ ತೆರೆಯ ಮೇಲೆ ನೋಡುವರು. ಆಕಾಶವು ತಿಳಿಯಾಗಿದ್ದರೆ ಎಲ್ಲರೂ ಸಂತುಷ್ಟರು. ಮೋಡ ಕವಿದು ಕಿರಣ ಬೀಳದೆ ಹೋದರೆ, ನಾಡಿಗೆ ಏನೋ ಕೇಡು ಕಾದಿದೆಯೆಂಬ ಪಿಸುಮಾತು, ಭಕ್ತರು ದೇವಾಲಯದ ಮೆಟ್ಟಿಲು ಇಳಿಯುವುದಕ್ಕೆ ಮುಂಚೆಯೇ ಊರನ್ನೆಲ್ಲಾ ಸುತ್ತಿ ಬರುತ್ತದೆ.

ಈ ವಿಷಯದಲ್ಲಿ ನಮ್ಮ ವಿದ್ಯಾವಂತರು ಎರಡು ಪಕ್ಷವಾಗಿದ್ದಾರೆ. ವರ್ಷಕ್ಕೊಂದೇ ದಿನ, ಅದೂ ಸಂಕ್ರಾಂತಿಯ ದಿನವೇ ನಡೆಯುವ ದೈವಲೀಲೆ ಇದು ಎಂಬುದು ಒಂದು ಪಕ್ಷ. ಇದೆಲ್ಲಾ ಕುರುಡು ನಂಬಿಕೆ, ಅರ್ಚಕರ ಆಡಂಬರ, ವಿದ್ಯಾವಂತನು ತಲೆ ಹಾಕತಕ್ಕ ವಿಷಯವಲ್ಲ ಎಂಬುದು ಎರಡನೆಯದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಪಕ್ಷಗಳಿಗೂ ಒಂದು ಸಾಮ್ಯವುಂಟು: ಎರಡೂ ಅಳೆದು ನೋಡಿ ಆಡಿದ ಮಾತುಗಳಲ್ಲ. ಮೊದಲನೆಯವನು ಕೇಳಿದ್ದನ್ನು ನಂಬಿದನು; ಎರಡನೆಯವನು ಕೇಳಿದ್ದನ್ನು ನಂಬದೆ ಬಿಟ್ಟನು. ನಂಬದಿರುವುದೇ ವಿಜ್ಞಾನವೆಂದು ಎರಡನೆಯವನು ತಿಳಿದುಕೊಂಡಿದ್ದರೆ, ಅದು ಅವನ ಭ್ರಮೆ. ವಿಜ್ಞಾನವೆಂಬುದು ನಂಬಿಕೆಯೂ ಅಲ್ಲ, ಅಪನಂಬಿಕೆಯೂ ಅಲ್ಲ. ಅದು ಒಂದು ಕ್ರಮ. ಆ ಕ್ರಮವು ಹೇಗೆ ನಡೆಯುತ್ತದೆಂಬುದನ್ನು ಇದೇ ಗವಿಯ ಬಿಸಿಲಿನಿಂದ ತೋರಿಸಬೇಕೆಂದು ನಮ್ಮ ಉದ್ದೇಶ.

ಮೂರನೆಯ ಪಕ್ಷವೊಂದು ಹುಟ್ಟಿದುದು ನಮ್ಮ ಊರಿನಲ್ಲಿಯೇ. ಜಯಂತ್ ವ್ಯಾಸನಕೆರೆ, ಕೆ. ಸುಧೀಶ್, ಬಿ.ಎಸ್. ಶೈಲಜಾ ಎಂಬ ಮೂವರು ಈ ದೇವಾಲಯದ ಬೆಳಕನ್ನು ವಿಚಾರಿಸಿ, ತಮ್ಮ ಬರಹವನ್ನು ೨೦೦೮ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಭಕ್ತರನ್ನು ಹಳಿಯಲಿಲ್ಲ, ಹೊಗಳಲೂ ಇಲ್ಲ. ಬೆಳಕು ಎಂದು ಬೀಳುತ್ತದೆ, ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಕಟ್ಟಡವು ಮೊದಲಿನಿಂದಲೂ ಹೀಗೆಯೇ ಇದ್ದಿತೇ ಎಂಬ ಪ್ರಶ್ನೆಗಳನ್ನು ಕೇಳಿದರು. ಸಣ್ಣ ಪ್ರಶ್ನೆಗಳೆಂದು ಯಾರೂ ಉಪೇಕ್ಷಿಸಬಾರದು. “ಇದು ದೈವಲೀಲೆಯೋ ಅಲ್ಲವೋ” ಎಂಬ ದೊಡ್ಡ ಪ್ರಶ್ನೆಗೆ ಉತ್ತರವು ವಾದದಿಂದ ವಾದಕ್ಕೆ ಬೆಳೆಯುತ್ತದೆಯೇ ಹೊರತು ಮುಗಿಯುವುದಿಲ್ಲ; “ಎಂದು, ಎಲ್ಲಿ, ಎಷ್ಟು ಹೊತ್ತು” ಎಂಬ ಸಣ್ಣ ಪ್ರಶ್ನೆಗಾದರೋ ಗೋಡೆಯೂ ಗಡಿಯಾರವೂ ಉತ್ತರ ಕೊಡುತ್ತವೆ.

ಈಗ ತರ್ಕದ ಹೆಜ್ಜೆಗಳನ್ನು ನೋಡೋಣ. ಸೂರ್ಯನು ವರ್ಷವೆಲ್ಲಾ ಒಂದೇ ಕಡೆ ಮುಳುಗುವುದಿಲ್ಲವೆಂಬುದು ಹಳ್ಳಿಯ ರೈತನಿಗೂ ತಿಳಿದ ಸಂಗತಿ. ಸೆಪ್ಟೆಂಬರ್ ೨೩ರ ಸುಮಾರಿಗೆ ನೇರ ಪಶ್ಚಿಮದಲ್ಲಿ ಮುಳುಗುವ ಅವನು ದಿನದಿನಕ್ಕೂ ತೆಂಕಣಕ್ಕೆ ಸರಿಯುತ್ತಾ ಹೋಗಿ, ಡಿಸೆಂಬರ್ ೨೧ರ ಸುಮಾರಿಗೆ ತನ್ನ ಕೊನೆಯ ಎಲ್ಲೆಯನ್ನು ಮುಟ್ಟಿ, ಅಲ್ಲಿಂದ ಬಡಗಣಕ್ಕೆ ಹಿಂದಿರುಗುತ್ತಾನೆ. ಹೋದ ದಾರಿಯಲ್ಲಿಯೇ ಮರಳುವ ಪ್ರಯಾಣಿಕನು ದಾರಿಯ ಪ್ರತಿಯೊಂದು ಅರವಟ್ಟಿಗೆಯನ್ನೂ ಎರಡಾವರ್ತಿ ಕಾಣುವನಷ್ಟೆ? ಸಂಕ್ರಾಂತಿಯ ಬೆಳಕು ಸೂರ್ಯನು ನಿಂತ ಸ್ಥಾನದಿಂದ ಆದುದು ಎಂಬುದು ನಿಜವಾದರೆ, ಅದೇ ಸ್ಥಾನವನ್ನು ಅವನು ಹೋಗುವಾಗಲೂ ಒಮ್ಮೆ ದಾಟಿರಲೇಬೇಕು. ಆಗಲೂ ಗವಿಯೊಳಗೆ ಬೆಳಕು ಬಿದ್ದಿರಲೇಬೇಕು. ಲೆಕ್ಕ ಹಾಕಿರಿ: ಡಿಸೆಂಬರ್ ೨೧ರಿಂದ ಜನವರಿ ೧೪ಕ್ಕೆ ೨೪ ದಿನಗಳು. ಹಿಂದಕ್ಕೆ ೨೪ ದಿನಗಳನ್ನು ಎಣಿಸಿದರೆ ನವೆಂಬರ್ ೨೭. ಆ ದಿನ ಹಬ್ಬವಿಲ್ಲ, ಸಾಲಿಲ್ಲ, ದೂರದರ್ಶನದವರಿಲ್ಲ. ಆದರೂ ಸೂರ್ಯನು ಬರಬೇಕು.

ಬರುತ್ತಾನೆಯೇ? ಬರುತ್ತಾನೆ. ಜನವರಿ ೧೩ರಿಂದ ೧೬ರವರೆಗಿನ ಸಂಜೆಗಳಲ್ಲಿ ಹೇಗೋ, ನವೆಂಬರ್ ೨೬ರಿಂದ ಡಿಸೆಂಬರ್ ೨ರವರೆಗಿನ ಸಂಜೆಗಳಲ್ಲಿಯೂ ಹಾಗೆಯೇ ಬೆಳಕು ಗವಿಯನ್ನು ಹೊಗುವುದೆಂದು ಆ ಸಂಶೋಧಕರು ತೋರಿಸಿದರು. ಅಷ್ಟೇ ಅಲ್ಲ. ಜನವರಿಯಲ್ಲಿ ಬೆಳಕು ಮೊದಲು ನಂದಿಯ ಪಾದಗಳನ್ನು ಮುಟ್ಟಿ, ಕಡೆಗೆ ಲಿಂಗವನ್ನು ಸೇರುತ್ತದೆ. ನವೆಂಬರಿನಲ್ಲಿ ಈ ಕ್ರಮವು ತಿರುಗುಮುರುಗಾಗಿರುತ್ತದೆ. ಸೂರ್ಯನು ಎದುರು ದಿಕ್ಕಿಗೆ ಸಾಗುತ್ತಿರುವಾಗ ಹಾಗಾಗುವುದೇ ನ್ಯಾಯ.

ಇದೇ ಊಹೆಯಿಂದ ಇನ್ನೂ ಒಂದು ಮಾತನ್ನು ಹೊರತೆಗೆಯಬಹುದು. ಅದನ್ನು ನಮ್ಮ ವಾಚಕರು ಕೈಗಡಿಯಾರ ಹಿಡಿದು ತಾವೇ ಪರೀಕ್ಷಿಸಬಹುದು. ಗಡಿಯಾರದ ಹೊತ್ತಿಗೂ ಸೂರ್ಯನ ಹೊತ್ತಿಗೂ ವರ್ಷವೆಲ್ಲಾ ಅಲ್ಪಸ್ವಲ್ಪ ಹೆಚ್ಚುಕಡಮೆಯುಂಟು. ನವೆಂಬರ್ ಕೊನೆಯಲ್ಲಿ ಸೂರ್ಯನು ಗಡಿಯಾರಕ್ಕಿಂತ ಸುಮಾರು ೧೨ ನಿಮಿಷ ಮುಂದಿರುತ್ತಾನೆ. ಜನವರಿ ಮಧ್ಯದಲ್ಲಿ ಸುಮಾರು ೯ ನಿಮಿಷ ಹಿಂದಿರುತ್ತಾನೆ. ಆದಕಾರಣ ನವೆಂಬರಿನ ಬೆಳಕು ಸಂಕ್ರಾಂತಿಯ ಬೆಳಕಿಗಿಂತ ಗಡಿಯಾರದಲ್ಲಿ ಸುಮಾರು ೨೦ ನಿಮಿಷ ಮುಂಚೆ ಬೀಳತಕ್ಕದ್ದು. ಬಿದ್ದರೆ ಊಹೆಗೆ ಬಲ ಬಂದಿತು. ಬೀಳದಿದ್ದರೆ ಊಹೆಯಲ್ಲಿಯೋ ಅಳತೆಯಲ್ಲಿಯೋ ಎಲ್ಲಿಯೋ ದೋಷವಿದೆಯೆಂದು ಒಪ್ಪಿ, ಮತ್ತೆ ಹುಡುಕಬೇಕು. ಹೇಳುವವನು ತನ್ನ ಮಾತು ಸೋಲುವುದು ಯಾವಾಗ ಎಂಬುದನ್ನು ಪರೀಕ್ಷೆಗೆ ಮೊದಲೇ, ಹತ್ತು ಜನರ ಎದುರಿಗೆ ಹೇಳಿಬಿಡುವುದು—ವಿಜ್ಞಾನದ ಕ್ರಮದ ಪ್ರಾಣವಿರುವುದು ಇಲ್ಲಿ. ಏನಾದರೂ ಗೆಲ್ಲುವಂತೆ ಆಡಿದ ಮಾತು ಮಾತೇ ಅಲ್ಲ. ಮಳೆ ಬಂದರೆ ದೇವರ ಕೃಪೆ, ಬಾರದಿದ್ದರೆ ನಮ್ಮ ಪಾಪ ಎನ್ನುವವನನ್ನು ಯಾರು ಸೋಲಿಸಬಲ್ಲರು? ಸೋಲಿಸಲಾಗದ ಆ ಮಾತಿನಿಂದ ಯಾರಿಗಾದರೂ ಒಂದು ಹಿಡಿ ರಾಗಿಯಷ್ಟಾದರೂ ಪ್ರಯೋಜನವುಂಟೆ?

ಸಂಶೋಧಕರು ಅಲ್ಲಿಗೆ ನಿಲ್ಲಲಿಲ್ಲ. ಮೂರನೆಯ ಮೈಸೂರು ಯುದ್ಧವು ಮುಗಿದ ೧೭೯೨ರಲ್ಲಿ ಥಾಮಸ್ ಡೇನಿಯಲ್, ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಬೆಂಗಳೂರಿಗೆ ಬಂದು ಈ ದೇವಾಲಯದ ಚಿತ್ರಗಳನ್ನು ಬರೆದಿದ್ದರು. ಆ ಚಿತ್ರಗಳನ್ನು ಇಂದಿನ ಕಟ್ಟಡದೊಂದಿಗೆ ಹೋಲಿಸಿ ನೋಡಿದಾಗ, ಆಗ ಕಟ್ಟಡಗಳು ಕಡಮೆಯಿದ್ದುವೆಂದೂ, ಗೋಡೆಗಳು ತರುವಾಯ ಬಂದುವೆಂದೂ, ಮೊದಲು ಗುಡಿಯೊಳಗಣ ಬೆಳಕಿಗೆ ಅಯನಸಂಧಿಗಳೊಡನೆ ಸಂಬಂಧವಿದ್ದಿತೆಂದೂ ಅವರು ತೀರ್ಮಾನಿಸಿದರು. ಎಂದರೆ ಇಂದು ನಾವು ಅನಾದಿಯೆಂದು ನಂಬಿರುವ ನೋಟದ ಈಗಿನ ರೂಪವು ನಡುವೆ ಎದ್ದ ಗೋಡೆಗಳ ಫಲ.

ಇದಕ್ಕೆ ಪಂಚಾಂಗದ ಲೆಕ್ಕವೂ ಸಾಕ್ಷಿ ನುಡಿಯುತ್ತದೆ. ನಮ್ಮ ಸಂಕ್ರಾಂತಿಯನ್ನು ಗೊತ್ತುಮಾಡುವುದು ನಕ್ಷತ್ರಮಂಡಲವನ್ನು ಹಿಡಿದು. ಬಿಸಿಲು ಬೀಳುವ ಕೋನವನ್ನು ಗೊತ್ತುಮಾಡುವುದು ಅಯನ. ಇವೆರಡರ ವರ್ಷಗಳಿಗೆ ಸುಮಾರು ೨೦ ನಿಮಿಷಗಳ ವ್ಯತ್ಯಾಸವಿರುವುದರಿಂದ, ಹೆಚ್ಚುಕಡಮೆ ೭೧ ವರ್ಷಗಳಿಗೆ ಒಂದು ದಿನದಂತೆ ಸಂಕ್ರಾಂತಿಯು ಮುಂದಕ್ಕೆ ಜಾರುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದುದು ೧೮೬೩ರ ಜನವರಿ ೧೨ರಂದು. ಅಂದೇ ಮಕರ ಸಂಕ್ರಾಂತಿಯಾಗಿದ್ದಿತು. ಈಚಿನ ವರ್ಷಗಳಲ್ಲಿ ಅದು ಜನವರಿ ೧೪ ಅಥವಾ ೧೫ಕ್ಕೆ ಬರುತ್ತಿದೆ. ಸುಮಾರು ೧೭೦೦ ವರ್ಷಗಳ ಹಿಂದೆ ಸಂಕ್ರಾಂತಿಯೂ ನಿಜವಾದ ಉತ್ತರಾಯಣದ ಆರಂಭವೂ ಒಂದೇ ದಿನ ಕೂಡಿದ್ದುವು. ಈಗ ಅವೆರಡರ ನಡುವೆ ಮೂರು ವಾರಗಳಿಗೂ ಮೀರಿದ ಅಂತರ. ಈ ದೇವಾಲಯದೊಂದಿಗೆ ಕೆಂಪೇಗೌಡರ ಹೆಸರನ್ನು ಜನರು ಸೇರಿಸಿ ಹೇಳುತ್ತಾರೆ. ಅವರ ಕಾಲದಲ್ಲಿ ಸಂಕ್ರಾಂತಿಯು, ಈಗಿನ ತಾರೀಖಿನ ಲೆಕ್ಕದಲ್ಲಿ, ಇನ್ನೂ ಆರೇಳು ದಿನ ಮುಂಚೆಯೇ ಬರುತ್ತಿದ್ದಿತು. ಇನ್ನು ೫೦೦ ವರ್ಷಗಳಲ್ಲಿ ಅದು ಇನ್ನೂ ಒಂದು ವಾರ ಮುಂದೆ ಹೋಗುವುದು. ಬಿಸಿಲು ಮಾತ್ರ, ಗೋಡೆ ಕಿಟಕಿಗಳು ಹೀಗೆಯೇ ಉಳಿದರೆ, ಜನವರಿ ಮಧ್ಯದಲ್ಲಿಯೇ ಬೀಳುತ್ತಿರುವುದು. ಆಗ ಸಂಕ್ರಾಂತಿಯ ದಿನ ಬಂದು ಕಾದು ನಿಲ್ಲುವ ನಮ್ಮ ಸಂತತಿಯವರು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಪಂಚಾಂಗದ ಈ ಜಾರುವಿಕೆಯನ್ನು ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ೧೯೫೨ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ವಿಚಾರಮಾಡಿತು. ಅದರ ಫಲವಾಗಿ ೧೯೫೭ರಿಂದ ರಾಷ್ಟ್ರೀಯ ಪಂಚಾಂಗವು ಜಾರಿಯಲ್ಲಿದೆ. ಸರ್ಕಾರಿ ಕಾಗದಪತ್ರಗಳ ತಲೆಯಲ್ಲಿ ಅದರ ಶಕವರ್ಷವನ್ನು ಬರೆಯುವವರಲ್ಲಿ ಎಷ್ಟು ಮಂದಿಗೆ ಅದರ ಕಾರಣ ತಿಳಿದಿದೆಯೋ!

ಮೋಡದ ಮಾತು ಉಳಿಯಿತು. ಕಿರಣ ಬೀಳದ ವರ್ಷ ಕೇಡು ಬರುವುದೆಂಬ ಮಾತನ್ನು ಬರಿದೆ ನಗುವುದರಿಂದ ಖಂಡಿಸಿದಂತಾಗಲಿಲ್ಲ. ಅದನ್ನೂ ಪರೀಕ್ಷೆಗೆ ಒಡ್ಡಬೇಕು. ಹೇಗೆಂದರೆ, ವರ್ಷಗಳನ್ನು ನಾಲ್ಕು ಗುಂಪಾಗಿ ಬರೆದಿಡಬೇಕು: ಮೋಡವಿದ್ದು ಕೇಡು ಬಂದ ವರ್ಷಗಳು, ಮೋಡವಿದ್ದೂ ಕೇಡು ಬಾರದ ವರ್ಷಗಳು, ಬಿಸಿಲು ಬಿದ್ದೂ ಕೇಡು ಬಂದ ವರ್ಷಗಳು, ಬಿಸಿಲು ಬಿದ್ದು ಕ್ಷೇಮವಾಗಿದ್ದ ವರ್ಷಗಳು. ಕೇಡು ಎಂದರೆ ಯಾವುದು—ಬರವೇ, ರೋಗವೇ, ಯುದ್ಧವೇ—ಎಂಬುದನ್ನು ವರ್ಷ ಕಳೆದ ಮೇಲಲ್ಲ, ಮೊದಲೇ ನಿಶ್ಚಯಿಸಬೇಕು. ಜನರ ನೆನಪಿನಲ್ಲಿ ಉಳಿಯುವುದು ಮೊದಲನೆಯ ಗುಂಪು ಮಾತ್ರ. ಉಳಿದ ಮೂರನ್ನು ಯಾರೂ ಎಣಿಸುವುದಿಲ್ಲ. ಕಾಗೆ ಕುಳಿತಾಗ ತಾಳೆಯ ಹಣ್ಣು ಬಿದ್ದಿತೆಂದು ಕಾಗೆಯನ್ನೇ ಕಾರಣವೆನ್ನುವ ತಪ್ಪಿಗೆ ನಮ್ಮ ಹಿರಿಯರು ಕಾಕತಾಳೀಯವೆಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಹೆಸರನ್ನು ನಾವು ಕಾಪಾಡಿಕೊಂಡಿದ್ದೇವೆ, ಎಚ್ಚರವನ್ನು ಕಳೆದುಕೊಂಡಿದ್ದೇವೆ.

ಈ ಕ್ರಮವು ಪರದೇಶದ ಸರಕು, ನಮ್ಮ ಸಂಪ್ರದಾಯಕ್ಕೆ ಸಲ್ಲದು ಎಂಬ ಆಕ್ಷೇಪಣೆಯನ್ನು ಆಗಾಗ್ಗೆ ಕೇಳುತ್ತೇವೆ. ಪಾಠಶಾಲೆಯಲ್ಲಿ ತರ್ಕಸಂಗ್ರಹದ ನಾಲ್ಕು ಹಾಳೆಗಳನ್ನಾದರೂ ಓದಿದವನು ಈ ಮಾತನ್ನು ಆಡಲಾರನು. ಹೊಗೆಯನ್ನು ಕಂಡು ಬೆಟ್ಟದ ಮೇಲೆ ಬೆಂಕಿಯಿದೆಯೆಂದು ಊಹಿಸುವುದಕ್ಕೆ ಮೊದಲು ಹೊಗೆಗೂ ಬೆಂಕಿಗೂ ನಿತ್ಯಸಂಬಂಧವುಂಟೇ, ಬೆಂಕಿಯಿದ್ದಲ್ಲೆಲ್ಲಾ ಹೊಗೆಯಿರುವುದೇ, ಅಥವಾ ಹಸಿಯ ಸೌದೆಯಿದ್ದಾಗ ಮಾತ್ರವೇ ಎಂದು ಶೋಧಿಸಿದವರು ನಮ್ಮ ನೈಯಾಯಿಕರು. ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಪೂರ್ವಪಕ್ಷವಾಗಿ ಇಟ್ಟು, ಆಮೇಲೆ ಸಿದ್ಧಾಂತವನ್ನು ಹೇಳತಕ್ಕದ್ದೆಂಬುದು ನಮ್ಮ ಶಾಸ್ತ್ರಗಳ ಮರ್ಯಾದೆ. ಹೊಸ ಕಾಲದ ವಿಜ್ಞಾನವು ಇದಕ್ಕೆ ಸೇರಿಸಿದುದು ಮೂರನ್ನು: ಪ್ರಕೃತಿಯು ತಾನಾಗಿ ತೋರಿಸುವವರೆಗೆ ಕಾಯದೆ ಪ್ರಯೋಗವನ್ನು ಒಡ್ಡಿ ಕೇಳುವುದು, ಬಾಯಿಮಾತಿಗೆ ಬದಲು ಅಳತೆಯಿಂದ ಹೇಳುವುದು, ತಾನು ಮಾಡಿದುದನ್ನು ಮತ್ತೊಬ್ಬನು ಮಾಡಿ ನೋಡುವಂತೆ ಬರೆದಿಡುವುದು. ಇವು ಯಾವ ಒಂದು ದೇಶದ ಸೊತ್ತೂ ಅಲ್ಲ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಂಭೀರವಾದುದು: ಶ್ರದ್ಧೆಯ ವಿಷಯವನ್ನು ಪರೀಕ್ಷಿಸಲು ಹೋಗುವುದೇ ಅಪಚಾರವೆಂಬುದು. ಈ ವಾದವು ನಮ್ಮ ಊರಿನಲ್ಲಿ ೧೯೭೬ರಲ್ಲಿ ಬಹಿರಂಗವಾಗಿ ನಡೆಯಿತು. ಗವೀಪುರಕ್ಕೆ ಸಮೀಪದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿದ್ಯಾರ್ಥಿನಿಲಯದ ಒಂದು ಕೋಣೆಯನ್ನೇ ಮನೆಯಾಗಿ ಮಾಡಿಕೊಂಡು ಬದುಕಿದ ಡಾಕ್ಟರ್ ಎಚ್. ನರಸಿಂಹಯ್ಯನವರು ಆಗ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳು. ೧೯೪೨ರ ಚಳವಳಿಯಲ್ಲಿ ಸೆರೆಮನೆಗೆ ಹೋದ ಖಾದೀಧಾರಿ. ಅಮೆರಿಕಾದಲ್ಲಿ ಪರಮಾಣು ಬೀಜದ ಭೌತವಿಜ್ಞಾನವನ್ನು ಓದಿ ಬಂದವರು. ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿ, ವಿಜ್ಞಾನದ ಉಪನ್ಯಾಸಗಳನ್ನು ಸಾಮಾನ್ಯರ ಕಿವಿಗೆ ಮುಟ್ಟಿಸಿದವರು. ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಿಸಲು ಅವರು ಒಂದು ಸಮಿತಿಯನ್ನು ನೇಮಿಸಿದರು. “ಪರೀಕ್ಷಿಸಬಹುದಾದ” ಎಂಬ ಮಾತನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ದೇವರಿದ್ದಾನೆಯೇ, ಭಕ್ತಿಯಿಂದ ಶಾಂತಿ ಬರುವುದೇ ಎಂಬುದನ್ನು ಸಮಿತಿಯು ಕೇಳಲು ಹೊರಡಲಿಲ್ಲ. ಬರಿಯ ಕೈಯಿಂದ ಬೂದಿ ಬರುವುದೆಂದರೆ ಅದು ಕಣ್ಣಿಗೆ ಕಾಣುವ, ತಕ್ಕಡಿಯಲ್ಲಿ ತೂಗಬಹುದಾದ ಸಂಗತಿ. ಅದನ್ನು ಮಾತ್ರ ಕೇಳಿತು.

ನರಸಿಂಹಯ್ಯನವರು ಶ್ರೀ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ಸಮಿತಿಯ ನಿಬಂಧನೆಗಳಿಗೆ ಒಳಪಟ್ಟು ಪವಾಡಗಳನ್ನು ತೋರಿಸಬೇಕೆಂದು ಕೇಳಿದರು. ಪತ್ರಗಳಿಗೆ ಉತ್ತರ ಬರಲಿಲ್ಲ. ಇಂದ್ರಿಯಗಳಿಗೆ ಗೋಚರವಾಗುವ ವಸ್ತುಗಳಿಗಷ್ಟೇ ವಿಜ್ಞಾನವು ತನ್ನ ವಿಚಾರಣೆಯನ್ನು ಸೀಮಿತಗೊಳಿಸತಕ್ಕದ್ದು, ಅಧ್ಯಾತ್ಮವು ಅದಕ್ಕೆ ಅತೀತವೆಂಬುದು ಬಾಬಾ ಅವರ ನಿಲುವಾಗಿದ್ದಿತು. ಅದೇ ಸಮಿತಿಯವರು ಪಾಂಡವಪುರಕ್ಕೆ ಹೋಗಿ, ಬೂದಿ ಬರಿಸುವನೆಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಪರೀಕ್ಷಿಸಿದಾಗ, ಬೂದಿಯನ್ನು ಉಡುಪಿನೊಳಗೆ ಮೊದಲೇ ಅಡಗಿಸಿಟ್ಟಿದ್ದುದು ಹೊರಬಿದ್ದಿತು. ೧೯೭೭ರಲ್ಲಿ ಸಮಿತಿಯು ವಿಸರ್ಜಿತವಾಯಿತು. ವಿಶ್ವವಿದ್ಯಾನಿಲಯಕ್ಕೆ ಈ ಕೆಲಸ ಸಲ್ಲುವುದೇ ಎಂಬ ಚರ್ಚೆ ಆಗಲೂ ಇದ್ದಿತು, ಈಗಲೂ ಇದೆ. ನಮ್ಮ ಅಭಿಪ್ರಾಯವಿಷ್ಟು: ಅತೀಂದ್ರಿಯವೆಂಬ ವಾದವು ಅಂತರಂಗದ ಅನುಭವಕ್ಕೆ ಸಲ್ಲುತ್ತದೆ, ಎಲ್ಲರ ಕಣ್ಣೆದುರಿಗೆ ತೋರಿಸಿ ನಂಬಿಸಿದ ವಸ್ತುವಿಗೆ ಸಲ್ಲುವುದಿಲ್ಲ. ಇಂದ್ರಿಯಗಳಿಗೆ ತೋರಿಸಿ ನಂಬಿಸಿದುದನ್ನು ಇಂದ್ರಿಯಗಳಿಂದ ಪರೀಕ್ಷಿಸಬಾರದೆನ್ನುವುದು ಯಾವ ನ್ಯಾಯ? ಗವೀಪುರದ ವಿಚಾರಣೆಯು ಇನ್ನೊಂದು ಬಗೆಯ ಉತ್ತರವನ್ನೂ ಕೊಟ್ಟಿದೆ. ಪರೀಕ್ಷೆಯಾದ ಮೇಲೆ ಅಲ್ಲಿ ಭಕ್ತಿಗೆ ಯಾವ ಕುಂದೂ ಬರಲಿಲ್ಲ. ನಂದಿಯ ಕೊಂಬುಗಳ ನಡುವೆ ಬೆಳಕನ್ನು ಹಾಯಿಸಿದ ಕಲ್ಲುಕುಟಿಗರ ಕೈಯಮೇಲಣ ಗೌರವವು ಇಮ್ಮಡಿಯಾಯಿತು.

ಸಾಧುಸಂತರನ್ನು ಮಾತ್ರ ಪರೀಕ್ಷಿಸಿ ವಿದ್ವಾಂಸರನ್ನು ಬಿಟ್ಟುಬಿಡುವ ಕ್ರಮವು ಕ್ರಮವೇ ಅಲ್ಲ. ಕೋಲಾರದ ಚಿನ್ನದ ಗಣಿಯ ದೃಷ್ಟಾಂತವನ್ನು ನೋಡಿರಿ. ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ೧೯೬೫ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಗುರುತನ್ನು ಮೊದಲು ಹಿಡಿದವರಲ್ಲಿ ಅಲ್ಲಿನ ಸಂಶೋಧಕರು ಸೇರಿದ್ದರು. ಅದೇ ಗಣಿಯಲ್ಲಿ ೧೯೮೦ರ ದಶಕದ ಆರಂಭದಲ್ಲಿ, ಪ್ರೋಟಾನ್ ಎಂಬ ಕಣವು ಕ್ಷಯಿಸುತ್ತದೆಂಬುದಕ್ಕೆ ಗುರುತುಗಳಿರಬಹುದಾದ ಕೆಲವು ಘಟನೆಗಳನ್ನು ಕಂಡುದಾಗಿ ಪ್ರಕಟಿಸಿದರು. ಜಗತ್ತೆಲ್ಲಾ ಕಿವಿ ನಿಮಿರಿಸಿತು. ಆದರೆ ಜಪಾನಿನಲ್ಲಿಯೂ ಅಮೆರಿಕಾದಲ್ಲಿಯೂ ಅದಕ್ಕಿಂತ ದೊಡ್ಡ ಉಪಕರಣಗಳು ವರ್ಷಗಟ್ಟಲೆ ಕಾದು ನೋಡಿದರೂ ಅಂಥ ಕ್ಷಯವು ಕಂಡುಬರಲಿಲ್ಲ, ಈವರೆಗೂ ಕಂಡಿಲ್ಲ. ಕೋಲಾರದ ಸಂಶೋಧಕರು ದೇಶಕ್ಕೆ ಕೀರ್ತಿ ತಂದವರೆಂದು ಜಗತ್ತು ಅವರ ಮಾತನ್ನು ಸುಮ್ಮನೆ ಒಪ್ಪಲಿಲ್ಲ. ಒಪ್ಪದಿದ್ದುದರಿಂದ ಅವರ ೧೯೬೫ರ ಕೀರ್ತಿಗೆ ಕೊರತೆಯೂ ಬರಲಿಲ್ಲ. ದೇಶಾಭಿಮಾನವು ಪ್ರಯೋಗವನ್ನು ಮಾಡಿಸಬೇಕು. ಪ್ರಯೋಗದ ಉತ್ತರವನ್ನು ಬರೆಯಬಾರದು.

ಇದೆಲ್ಲಾ ಗುಡಿಗೂ ಗಣಿಗೂ ಸಂಬಂಧಿಸಿದುದು, ನಮ್ಮ ನಿತ್ಯದ ಬಾಳಿಗೆ ಏನು ಎಂದು ಕೇಳುವವರಿಗೆ ಬಸವನಗುಡಿಯ ಚರಿತ್ರೆಯೇ ಉತ್ತರ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು; ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿ ಬೆಳಕುಗಳಿರುವ ಕಡೆ ಜನರು ವಾಸಮ��ಡಲೆಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಇಲಿ ಬಿದ್ದರೆ ಊರು ಬಿಡಬೇಕೆಂಬುದು ನಮ್ಮ ಹಳ್ಳಿಗರು ಅನುಭವದಿಂದ ಕಂಡುಕೊಂಡಿದ್ದ ಮಾತು. ಆದರೆ ಇಲಿಗೂ ಮನುಷ್ಯನಿಗೂ ನಡುವಣ ದೂತನು ಯಾರು? ಅದೇ ೧೮೯೮ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸೀಮೊಂ ಎಂಬ ಫ್ರೆಂಚ್ ವೈದ್ಯನು, ಚಿಗಟಗಳಿದ್ದ ರೋಗದ ಇಲಿಯೊಂದನ್ನು ಗಾಜಿನ ಜಾಡಿಯಲ್ಲಿಟ್ಟು, ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು ಅದನ್ನು ಮುಟ್ಟದಂತೆ ಜಾಲರಿಯ ಆಚೆ ಇರಿಸಿದನು. ಮುಟ್ಟದಿದ್ದರೂ ಎರಡನೆಯದಕ್ಕೆ ರೋಗ ತಗಲಿತು. ಚಿಗಟಗಳಿಲ್ಲದ ರೋಗದ ಇಲಿಯೊಂದಿಗೆ ಇರಿಸಿದಾಗ ತಗಲಲಿಲ್ಲ. ಒಂದೇ ಒಂದು ಅಂಶವನ್ನು ಬದಲಾಯಿಸಿ ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟುದರಿಂದ ಕಾರಣವು ಸಿಕ್ಕಿಬಿದ್ದಿತು. ಹಲವು ವರ್ಷ ವೈದ್ಯಲೋಕವು ಅವನನ್ನು ಅಲಕ್ಷ್ಯಮಾಡಿತು. ಕಡೆಗೆ ಭಾರತದಲ್ಲಿಯೇ ಪ್ಲೇಗು ಸಂಶೋಧನಾ ಮಂಡಲಿಯವರು ಪ್ರಯೋಗಗಳನ್ನು ಮತ್ತೆ ಮಾಡಿ ಅವನು ಹೇಳಿದುದನ್ನು ಸ್ಥಿರಪಡಿಸಿದರು. ಜಾಡಿಯಲ್ಲಿನ ಎರಡು ಇಲಿಗಳು ಎಷ್ಟು ಮನೆಗಳ ದೀಪವನ್ನು ಉಳಿಸಿದುವೆಂಬುದನ್ನು ಯಾರು ಎಣಿಸಬಲ್ಲರು!

ಈಗ ಅಧಿಕಾರಿ ಮಹಾಶಯರಿಗೆ ಎರಡು ಮಾತು. ಮಡಿವಾಳ ಕೆರೆಯ ಸುತ್ತಿನ ತಗ್ಗು ಬಡಾವಣೆಗಳಲ್ಲಿ ಕಾಲುವೆಯ ಹೂಳು ತೆಗೆಸಿದ ವರ್ಷ ನೀರು ನಿಲ್ಲಲಿಲ್ಲವೆಂದು ವರದಿ ಬಂದರೆ, ಕೇಳತಕ್ಕ ಮೊದಲ ಪ್ರಶ್ನೆ: ಆ ವರ್ಷ ಮಳೆ ಎಷ್ಟು ಬಿದ್ದಿತು? ಎರಡನೆಯದು: ಹೂಳು ತೆಗೆಸದ, ಅಂಥದೇ ಇನ್ನೊಂದು ಕಾಲುವೆಯಲ್ಲಿ ಏನಾಯಿತು? ಮೂರನೆಯದು: ಅಳೆದವರು ಯಾರು—ಕೆಲಸ ಮಾಡಿಸಿದವರೇ, ಬೇರೆಯವರೇ? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿಯು, ಎಷ್ಟೇ ದಪ್ಪ ರಟ್ಟಿನಲ್ಲಿ ಕಟ್ಟಿಸಿದ್ದರೂ, ಸಂಕ್ರಾಂತಿಯ ಮೋಡವನ್ನು ಕಂಡು ಕೇಡು ನುಡಿದವನ ಮಾತಿಗಿಂತ ಮೇಲಾದುದಲ್ಲ. ಒಂದು ಯೋಜನೆಯನ್ನು ನಾಡಿಗೆಲ್ಲಾ ಹರಡುವುದಕ್ಕೆ ಮುಂಚೆ ಎರಡು ಕಡೆ ಮಾಡಿ, ಎರಡು ಕಡೆ ಮಾಡದೆ ಬಿಟ್ಟು, ಯಾವ ಫಲ ಬಂದರೆ ಕೈಬಿಡುವೆವೆಂಬುದನ್ನು ಮೊದಲೇ ಕಡತದಲ್ಲಿ ಬರೆದಿಡುವ ಅಧಿಕಾರಿಯು ಪ್ರಯೋಗಶಾಲೆಯನ್ನು ಹೊಕ್ಕದಿದ್ದರೂ ವಿಜ್ಞಾನಿಯೇ. ಸೋತ ಯೋಜನೆಯ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸುವವನು ಅವನಿಗಿಂತಲೂ ದೊಡ್ಡವನು; ಮುಂದಿನವನು ಅದೇ ಹಳ್ಳಕ್ಕೆ ಬೀಳದಂತೆ ಅವನು ದೀಪ ಹಚ್ಚಿಟ್ಟಿರುತ್ತಾನೆ.

ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲೊಂದೆಂದು ನಮ್ಮ ರಾಜ್ಯಾಂಗದ ೫೧-ಎ ವಿಧಿಯು ಸಾರುತ್ತದೆ. ಆ ವಿಧಿಯು ಸೇರಿದುದು ೧೯೭೬ರ ತಿದ್ದುಪಡಿಯಿಂದ. ನರಸಿಂಹಯ್ಯನವರು ಸಮಿತಿಯನ್ನು ನೇಮಿಸಿದ ವರ್ಷವೂ ಅದೇ. ಕರ್ತವ್ಯವನ್ನು ಪುಸ್ತಕದಲ್ಲಿ ಬರೆದುದರಿಂದ ಅದು ನೆರವೇರಿದಂತಾಗುವುದಿಲ್ಲ. ಸ್ವರಾಜ್ಯವೆಂದರೆ ಪರರ ಅಪ್ಪಣೆಯಿಂದ ನಡೆಯದಿರುವುದು. ಕಣ್ಣಿದ್ದೂ ಪರರ ಕಣ್ಣಿನಿಂದ ನೋಡುವವನು, ಗಡಿಯಾರವಿದ್ದೂ ಹೊತ್ತನ್ನು ಗಾಳಿಮಾತಿನಿಂದ ತಿಳಿಯುವವನು, ಸ್ವರಾಜ್ಯದ ಪ್ರಜೆಯೆಂದು ಹೇಗೆ ಹೇಳಿಕೊಂಡಾನು?

ಆದಕಾರಣ ನಮ್ಮ ಸೂಚನೆಗಳು ಇವು. ಗವೀಪುರದ ಬೆಳಕಿಗೆ ಇಂದಿನ ಕಿಟಕಿ, ಗೋಡೆ, ಕಂಬಗಳೇ ಯಂತ್ರ. ಒಂದು ಹೊಸ ಮಂಟಪ, ಒಂದು ತಗಡಿನ ಚಪ್ಪರ, ಎದುರಿನ ಮನೆಯ ಮೇಲೆ ಇನ್ನೊಂದು ಅಂತಸ್ತು—ಇವುಗಳಲ್ಲಿ ಯಾವುದೊಂದೂ ಆ ಯಂತ್ರವನ್ನು ಮುರಿಯಬಲ್ಲುದು. ಹಿಂದೆ ಗೋಡೆಗಳು ಎದ್ದು ಬೆಳಕಿನ ಕಾಲವೇ ಬದಲಾದುದನ್ನು ಕಂಡಿದ್ದೇವೆ. ಮುಜರಾಯಿ ಇಲಾಖೆಯವರು ಸೂರ್ಯಕಿರಣದ ದಾರಿಯನ್ನು ಅಳೆದು ಗುರುತಿಸಿ, ಆ ದಾರಿಗೆ ಅಡ್ಡವಾಗಿ ಯಾವ ಕಟ್ಟಡವೂ ಏಳದಂತೆ ನಗರಾಡಳಿತದವರೊಂದಿಗೆ ಸೇರಿ ಏರ್ಪಾಡು ಮಾಡತಕ್ಕದ್ದು. ದೇವಾಲಯದಲ್ಲಿ ಒಂದು ದಫ್ತರವನ್ನಿಟ್ಟು, ನವೆಂಬರ್ ಕೊನೆಯಲ್ಲಿಯೂ ಜನವರಿ ಮಧ್ಯದಲ್ಲಿಯೂ ಪ್ರತಿದಿನ ಬೆಳಕು ಬಂದ ಹೊತ್ತು, ಹೋದ ಹೊತ್ತು, ಮುಟ್ಟಿದ ಸ್ಥಳ, ಮೋಡವಿದ್ದರೆ ಮೋಡ—ಇವಿಷ್ಟನ್ನು ಬರೆದಿಡಿಸಲಿ. ಇದಕ್ಕೆ ತಗಲುವ ವೆಚ್ಚ ಒಂದು ಪುಸ್ತಕ, ಒಂದು ಲೇಖನಿ. ನೂರು ವರ್ಷಗಳ ತರುವಾಯ ಆ ದಫ್ತರವು ಯಾವ ಶಾಸನಕ್ಕೂ ಕಡಮೆಯಾಗದ ಬೆಲೆಯುಳ್ಳದ್ದಾಗುವುದು.

ಇನ್ನು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಉಪಾಧ್ಯಾಯರು ನವೆಂಬರ್ ೨೭ರ ಸುಮಾರಿನ ಒಂದು ಸಂಜೆ ಮಕ್ಕಳನ್ನು ಗವೀಪುರಕ್ಕೆ ಕರೆದೊಯ್ಯಲಿ. ಹೊರಡುವ ಮುಂಚೆ ಮಕ್ಕಳಿಂದಲೇ ಲೆಕ್ಕ ಹಾಕಿಸಿ, ಯಾವ ಹೊತ್ತಿಗೆ ಬೆಳಕು ಬರಬೇಕೆಂಬುದನ್ನು ಪ್ರತಿಯೊಬ್ಬರ ಪುಸ್ತಕದಲ್ಲಿಯೂ ಬರೆಯಿಸಲಿ. ಬರೆದ ಮೇಲೆ ಅಳಿಸಬಾರದೆಂಬುದೊಂದೇ ಕಟ್ಟಳೆ. ಆಮೇಲೆ ಅರ್ಚಕರಿಗೆ ನಮಸ್ಕರಿಸಿ, ಮೌನವಾಗಿ ಗವಿಯೊಳಗೆ ನಿಂತು ನೋಡಲಿ. ಬೆಳಕು ಬಂದರೆ, ಸೂರ್ಯನು ಯಾವ ಹಬ್ಬವನ್ನೂ ಕಾಯದೆ ತನ್ನ ನಿಯಮದಂತೆ ನಡೆಯುವನೆಂಬುದನ್ನು ಅವರು ಪುಸ್ತಕದಿಂದಲ್ಲ, ಕಣ್ಣಿನಿಂದ ಕಲಿತಂತಾಗುವುದು. ಬರೆದ ಹೊತ್ತಿಗೆ ಬಾರದಿದ್ದರೆ, ಅಂದು ರಾತ್ರಿ ಮನೆಗೆ ಹೋಗಿ ಲೆಕ್ಕದಲ್ಲಿ ತಪ್ಪೆಲ್ಲಿ ಎಂದು ಹುಡುಕುವ ಮಕ್ಕಳು ಇನ್ನೂ ಹೆಚ್ಚು ಕಲಿತಿರುವರು.